ಕೋವಿಯ ಮರುಮೆರುಗು
ಹಳೆಯ ಜೋಡುನಳಿಗೆ ಕೋವಿಯ ತುಕ್ಕು ತೆಗೆದು, ನಳಿಗೆಗೂ ಮರದ ಹಿಡಿಗೂ ಹೊಸ ಮೆರುಗು ಕೊಡುವ ಕಸುಬು. ನಳಿಗೆಯ ಕಡುನೀಲಿ ಮೇಲೆ ಬಳಿದ ಬಣ್ಣವಲ್ಲ; ಅದೂ ಒಂದು ಬಗೆಯ ತುಕ್ಕೇ. ಜಿಡ್ಡು ತೆಗೆದ ಉಕ್ಕಿಗೆ ದ್ರಾವಣ ಸವರಿ ತೆಳುವಾಗಿ ಕೆಂಪು ತುಕ್ಕು ಬರಿಸಿ, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಅದು ಕಪ್ಪು ಆಕ್ಸೈಡ್ ಆಗುತ್ತದೆ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಇದನ್ನೇ ಹಲವು ಸಲ ಮಾಡಬೇಕು. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕ್ಷಾರದ ತೊಟ್ಟಿಯಲ್ಲಿ ಅದ್ದುವ ಬೇಗದ ವಿಧಾನ ಇಲ್ಲಿ ಸಲ್ಲದು: ಎರಡು ನಳಿಗೆಗಳನ್ನು ಕೂಡಿಸಿದ ಸೀಸ-ತವರದ ಬೆಸುಗೆಯನ್ನು ಕ್ಷಾರ ತಿನ್ನುತ್ತದೆ. ಅಕ್ರೋಟು ಮರದ ಹಿಡಿಗೆ ಬೇಕಾದದ್ದು ಅಗಸೆ ಎಣ್ಣೆ, ಜೊತೆಗೆ ತಾಳ್ಮೆ. ತಗ್ಗುಗಳು ಒದ್ದೆಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಬಹುಮಟ್ಟಿಗೆ ಮೇಲೇಳುತ್ತವೆ. ಮರಳುಕಾಗದದ ಅತಿ ಉತ್ಸಾಹ ಹಿಡಿಯ ಕೆತ್ತನೆಯನ್ನೇ ಅಳಿಸುತ್ತದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಗೆ ಪರವಾನಗಿ ಬೇಕು.