ಹಳೆಯ ಬಣ್ಣ ತೊಟ್ಟ ಹೊಸ ವಿಮಾನ

ಯುದ್ಧವಿಮಾನಕ್ಕೆ ಬಣ್ಣ ಬಳಿಯುವುದು ಚೆಂದಕ್ಕಲ್ಲ, ಶತ್ರುವಿನ ಕಣ್ಣು ತಪ್ಪಿಸುವುದಕ್ಕೆ. ಇಂದಿನ ಜೆಟ್‌ಗಳಲ್ಲಿ ಹೆಚ್ಚಿನವು ಬೂದು ಬಣ್ಣದಲ್ಲಿರುವುದು ಅದಕ್ಕಾಗಿಯೇ. ಆದರೆ 2015ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೋನಿಂಗ್ಸ್‌ಬಿ ವಾಯುನೆಲೆಯಲ್ಲಿ ಒಂದು ಟೈಫೂನ್ ಜೆಟ್ ಹಸಿರು-ಕಂದು ಬಣ್ಣ ತೊಟ್ಟು ಹೊರಬಂತು. ಪಕ್ಕದಲ್ಲಿ ‘ಜಿ ಎನ್ - ಎ’ ಎಂಬ ಅಕ್ಷರಗಳು. ಅದು ಬ್ರಿಟನ್ ಕದನಕ್ಕೆ 75 ವರ್ಷ ತುಂಬಿದ ನೆನಪಿಗೆ ಹಾಕಿದ ವೇಷ. ಆ ವರ್ಷದ ವೈಮಾನಿಕ ಪ್ರದರ್ಶನಗಳಲ್ಲಿ ಅದು ಹಳೆಯ ಸ್ಪಿಟ್‌ಫೈರ್ ಜೊತೆ ಹಾರಿತು.

ಅಕ್ಷರಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ. ‘ಜಿ ಎನ್’ ಎಂದರೆ 249ನೇ ಸ್ಕ್ವಾಡ್ರನ್ನಿನ ಗುರುತು. 1940ರ ಆಗಸ್ಟ್ 16ರಂದು ಸೌತಾಂಪ್ಟನ್ ಮೇಲೆ ಆ ಗುರುತಿನ ಹರಿಕೇನ್ ವಿಮಾನ ನಡೆಸುತ್ತಿದ್ದವರು 23 ವರ್ಷದ ಜೇಮ್ಸ್ ನಿಕಲ್ಸನ್. ಶತ್ರುವಿನ ಗುಂಡುಗಳು ಬಡಿದು ಅವರು ಗಾಯಗೊಂಡರು. ಮುಂದಿನ ಇಂಧನ ಟ್ಯಾಂಕಿಗೆ ಬೆಂಕಿ ಹತ್ತಿತು. ಹೊರಗೆ ಜಿಗಿಯಬೇಕು ಎನ್ನುವಷ್ಟರಲ್ಲಿ ಎದುರಿಗೆ ಜರ್ಮನ್ ವಿಮಾನವೊಂದು ಕಂಡಿತು. ಉರಿಯುವ ಕಾಕ್‌ಪಿಟ್‌ನಲ್ಲೇ ಕುಳಿತು ಅದರ ಮೇಲೆ ಗುಂಡು ಹಾರಿಸಿ, ಆಮೇಲೆ ಜಿಗಿದರು. ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಅವರಿಗೆ ಕೆಳಗಿದ್ದ ಸ್ವಂತ ಕಡೆಯವರೇ ಶತ್ರುವೆಂದು ತಿಳಿದು ಗುಂಡು ಹೊಡೆದರು! ಆದರೂ ಬದುಕಿದರು. ಆ ವರ್ಷದ ನವೆಂಬರ್‌ನಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಇಡೀ ಯುದ್ಧದಲ್ಲಿ ಫೈಟರ್ ಕಮಾಂಡಿಗೆ ಸಿಕ್ಕಿದ್ದು ಅದೊಂದೇ. ಅದೇ ದಿನ ಅವರೊಂದಿಗೆ ಹಾರಿದ್ದ ಕಿಂಗ್ ಎಂಬ ತರುಣನ ಪ್ಯಾರಾಚೂಟ್ ಕೈಕೊಟ್ಟಿತು, ಆತ ಉಳಿಯಲಿಲ್ಲ.

ಸಾಮಾನ್ಯವಾಗಿ ಕತೆ ಇಲ್ಲಿಗೆ ನಿಲ್ಲುತ್ತದೆ. ನಮಗೆ ಮುಂದಿನದೂ ಮುಖ್ಯ, ಏಕೆಂದರೆ ಅದು ನಮ್ಮ ಕಡೆಯದು. ಸುಟ್ಟ ಗಾಯ ಮಾಗಿದ ನಂತರ ನಿಕಲ್ಸನ್ ಭಾರತಕ್ಕೆ ಬಂದರು. 27ನೇ ಸ್ಕ್ವಾಡ್ರನ್ನಿನ ನಾಯಕರಾಗಿ ಬರ್ಮಾದಲ್ಲಿದ್ದ ಜಪಾನಿ ಸೇನೆಯ ವಿರುದ್ಧ ಹೋರಾಡಿದರು. 1945ರ ಮೇ 2ರಂದು ಅವರು ವೀಕ್ಷಕರಾಗಿ ಕುಳಿತಿದ್ದ ಲಿಬರೇಟರ್ ವಿಮಾನಕ್ಕೆ ಬೆಂಕಿ ಹತ್ತಿ ಬಂಗಾಳ ಕೊಲ್ಲಿಗೆ ಬಿತ್ತು. ಆಗ ಅವರಿಗೆ 28 ವರ್ಷ. ಶವ ಸಿಗಲೇ ಇಲ್ಲ. ಸಿಂಗಪುರದ ಯುದ್ಧಸ್ಮಾರಕದಲ್ಲಿ ಹೆಸರು ಮಾತ್ರ ಇದೆ. ಆರು ದಿನ ಕಳೆದು ಯುರೋಪಿನಲ್ಲಿ ಯುದ್ಧ ಮುಗಿಯಿತು.

ಎರಡನೆಯ ಮಹಾಯುದ್ಧವೆಂದರೆ ಯುರೋಪಿನ ಮಾತು ಎಂದುಕೊಂಡೇ ನಾವು ಪಾಠ ಮುಗಿಸುವುದುಂಟು. ಆ ಟೈಫೂನಿನ ಬಣ್ಣವೂ 1940ರ ಒಂದು ದಿನವನ್ನಷ್ಟೇ ಹೇಳಿತು. ಕಿಂಗ್‌ನ ಹೆಸರು, ಬಂಗಾಳ ಕೊಲ್ಲಿಯ ಹೆಸರು ಅದರಲ್ಲಿ ಇರಲಿಲ್ಲ. ಅವನ್ನು ಸೇರಿಸಿ ಹೇಳುವ ಕೆಲಸ ನಮ್ಮಂಥ ಮೇಷ್ಟ್ರುಗಳದು.