ಟಾಫ್

ಬ್ರಿಟನ್ನಿನ ಆಡುಮಾತಿನಲ್ಲಿ ಸಿರಿವಂತ ಮನೆತನದವರನ್ನು, ಠಾಕುಠೀಕಾಗಿ ಉಡುಪು ತೊಟ್ಟವರನ್ನು ಹಂಗಿಸುವ ಪದ. 19ನೆಯ ಶತಮಾನದ ನಡುವಿನಲ್ಲಿ ಬಳಕೆಗೆ ಬಂತು. ಗೊಂಡೆ ಎಂಬರ್ಥದ ‘ಟಫ್ಟ್’ನಿಂದ ಹುಟ್ಟಿರಬೇಕು ಎಂಬುದು ನಿಘಂಟುಕಾರರ ಊಹೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದುತ್ತಿದ್ದ ಬಿರುದುಳ್ಳ ಮನೆತನಗಳ ಹುಡುಗರ ಟೋಪಿಗೆ ಹೊಂಬಣ್ಣದ ಗೊಂಡೆ ಇರುತ್ತಿತ್ತು. ದೂರದಿಂದಲೇ ಕುಲ ಗೊತ್ತಾಗುತ್ತಿತ್ತು.

ಚುನಾವಣಾ ಕಣದಲ್ಲಿ ಈ ಪದ ಸದ್ದು ಮಾಡಿದ್ದು 2008ರ ಮೇ ತಿಂಗಳಲ್ಲಿ, ಕ್ರೂ–ನಾಂಟ್‌ವಿಚ್ ಉಪಚುನಾವಣೆಯಲ್ಲಿ. ಕ್ರೂ ರೈಲ್ವೆಯಿಂದ ಬೆಳೆದ ಊರು, ಆಗ ಲೇಬರ್ ಪಕ್ಷದ ಭದ್ರ ನೆಲೆಯಾಗಿತ್ತು. ಕನ್ಸರ್ವೇಟಿವ್ ಅಭ್ಯರ್ಥಿ ಎಡ್ವರ್ಡ್ ಟಿಂಪ್ಸನ್ ಅವರದು ಶೂ ರಿಪೇರಿ, ಕೀಲಿಕೈ ಅಂಗಡಿಗಳನ್ನು ನಡೆಸುವ ಸಿರಿವಂತ ಕುಟುಂಬ. ಅವರನ್ನು ‘ಟಾಫ್’ ಎಂದು ಹಂಗಿಸಲು ಲೇಬರ್ ಕಾರ್ಯಕರ್ತರು ಎತ್ತರದ ಕರಿಟೋಪಿ, ಉದ್ದ ಕೋಟು ತೊಟ್ಟು ಬೆನ್ನುಬಿದ್ದರು. ಲೇಬರ್ ಅಭ್ಯರ್ಥಿ ಟಾಮ್ಸಿನ್ ಡನ್‌ವುಡಿ ಅವರ ಹಿನ್ನೆಲೆಯೂ ಸಾಮಾನ್ಯದ್ದಲ್ಲ: ತಾಯಿ ಅದೇ ಕ್ಷೇತ್ರದ ದಿವಂಗತ ಸಂಸದೆ, ಅಜ್ಜ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದವರು.

ಶೇ 10ರ ಆರಂಭಿಕ ತೆರಿಗೆ ದರವನ್ನು ಲೇಬರ್ ಸರ್ಕಾರ ಆಗಷ್ಟೇ ರದ್ದುಮಾಡಿತ್ತು. ಕಡಿಮೆ ಸಂಬಳದ ಅನೇಕರಿಗೆ ಹೊರೆ ಹೆಚ್ಚಿತ್ತು. ಆ ಸಂಕಟಕ್ಕೆ ಉತ್ತರ ಕೊಡಬೇಕಾದ ಪಕ್ಷ ಎದುರಾಳಿಯ ಹುಟ್ಟನ್ನು ಆಡಿಕೊಂಡದ್ದು ದುಡಿಯುವ ಜನರಿಗೆ ಮಾಡಿದ ಅವಮಾನ ಎಂದೇ ನನ್ನ ಎಣಿಕೆ. ಟಿಂಪ್ಸನ್ 7,860 ಮತಗಳ ಅಂತರದಿಂದ ಗೆದ್ದರು.

ಸಿರಿವಂತರ ಈಟನ್ ಶಾಲೆಯಲ್ಲಿ ಓದಿದ, ಆಗಿನ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ ಅವರಿಗೂ ಈ ಪದ ಅಂಟಿತ್ತು. ಎರಡು ವರ್ಷಗಳ ಬಳಿಕ ಅವರು ಪ್ರಧಾನಿಯಾದರು.