ಹಳೇ ಬ್ಯಾಂಡು, ಹೊಸ ಆಲ್ಬಂ: ಯಾವುದರ ಜೊತೆ ಹೋಲಿಸೋದು?

ಇವತ್ತಿನ ಮಾತು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಆಟ ಅಲ್ಲ, ಒಂದು ಎಮೋ ಬ್ಯಾಂಡಿನ ಹೆಸರು.

ಮೊದಲು ಸ್ವಲ್ಪ ಹಿನ್ನೆಲೆ. 1980ರ ದಶಕದ ನಡುವೆ ವಾಷಿಂಗ್ಟನ್ ಡಿಸಿಯ ಪಂಕ್ ಹುಡುಗರು ಸಿಟ್ಟಿನ ಜೊತೆಗೆ ತಮ್ಮ ನೋವನ್ನೂ ಹಾಡೋಕೆ ಶುರು ಮಾಡಿದರು. ಅದಕ್ಕೆ ಎಮೋ ಅನ್ನೋ ಹೆಸರು ಅಂಟಿಕೊಂಡಿತು. ಮುಂದಿನ ದಶಕದಲ್ಲಿ ಅದು ಮಿಡ್‌ವೆಸ್ಟ್‌ನ ಕಾಲೇಜು ಊರುಗಳಿಗೆ ಬಂದು ಮೆತ್ತಗಾಯಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮೈಕ್ ಕಿನ್ಸೆಲ್ಲಾ, ಸ್ಟೀವ್ ಹೋಮ್ಸ್, ಸ್ಟೀವ್ ಲಾಮೋಸ್ 1999ರಲ್ಲಿ ಒಂದು ಆಲ್ಬಂ ತಂದರು. ಒಂದಕ್ಕೊಂದು ಹೆಣೆದುಕೊಂಡ ಗಿಟಾರುಗಳು, ನಡುವೆ ಟ್ರಂಪೆಟ್. ಮುಖಪುಟದಲ್ಲಿ ಅರ್ಬಾನಾ ಊರಿನ ಒಂದು ಸಾದಾ ಮನೆ. ಓದು ಮುಗೀತು, ಬ್ಯಾಂಡೂ ಮುಗೀತು. ಆಗ ಹೆಚ್ಚು ಜನ ಗಮನಿಸಲಿಲ್ಲ.

ಆಮೇಲೆ ಇಂಟರ್ನೆಟ್ಟಿನಲ್ಲಿ ಆ ಹಾಡುಗಳು ಒಬ್ಬರಿಂದೊಬ್ಬರಿಗೆ ಹೋಗಿ, ಬ್ಯಾಂಡ್ ಇಲ್ಲದಿದ್ದರೂ ಅಭಿಮಾನಿಗಳು ಹುಟ್ಟಿಕೊಂಡರು. 2014ರಲ್ಲಿ ಅವರು ಮತ್ತೆ ಸೇರಿದರು. 2016ರಲ್ಲಿ, ಅಂದರೆ 17 ವರ್ಷದ ಮೇಲೆ, ಎರಡನೇ ಆಲ್ಬಂ. ಮುಖಪುಟದಲ್ಲಿ ಅದೇ ಮನೆಯ ಒಳಭಾಗ. ಚೆನ್ನಾಗಿದೆ ಅಂದ ವಿಮರ್ಶಕರಲ್ಲೂ ಹಲವರು ಮೊದಲನೆಯದರ ಜೊತೆ ಹೋಲಿಸಿ, ಆ ಮೋಡಿ ಇಲ್ಲ ಅಂದರು.

ಇಲ್ಲಿ ಪುಣೆಯಲ್ಲಿ ಕೂತವನಿಗೆ ಇನ್ನೊಂದು ಹೋಲಿಕೆ ಹೊಳೆಯುತ್ತೆ. ನಮ್ಮ ಗದಗ ಕಡೆಯ ಭೀಮಸೇನ ಜೋಶಿ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲೊಂದು ಉತ್ಸವ ಶುರು ಮಾಡಿದರು. ಕೆಲವೇ ರಾಗಗಳನ್ನ ಮತ್ತೆ ಮತ್ತೆ ಹಾಡ್ತಾರೆ ಅನ್ನೋ ದೂರು ಅವರ ಮೇಲೂ ಇತ್ತು. ಆದರೂ ಜನ ವರ್ಷವರ್ಷ ಬಂದರು. ಯಾಕಂದ್ರೆ ರಾಗ ಅದೇ ಆದರೂ ಹಾಡುವವರ ವಯಸ್ಸು ಅದರೊಳಗೆ ಸೇರಿಕೊಳ್ಳುತ್ತೆ. ರಾಕ್ ಆಲ್ಬಮ್ಮಿಗೆ ಆ ಅನುಕೂಲ ಇಲ್ಲ. ಇಪ್ಪತ್ತರ ಹುಡುಗನ ದನಿ ರೆಕಾರ್ಡಿನಲ್ಲಿ ಹಾಗೇ ಉಳಿಯುತ್ತೆ. ನಲವತ್ತಾದವನು ಅದರ ಎದುರೇ ಹಾಡಬೇಕು.

2019ರ ಮೂರನೇ ಆಲ್ಬಮ್ಮಿನಲ್ಲಿ ಅವರು ಆ ಸ್ಪರ್ಧೆ ಬಿಟ್ಟರು. ಮುಖಪುಟದಲ್ಲಿ ಮನೆ ಇಲ್ಲ, ಬಯಲು. ಉದ್ದದ ಹಾಡುಗಳು, ಪ್ಯಾರಾಮೋರ್ ಬ್ಯಾಂಡಿನ ಹೇಲಿ ವಿಲಿಯಮ್ಸ್ ಸೇರಿ ಮೂವರು ಗಾಯಕಿಯರು, ಅಪ್ಪನಾದವನ, ಮಧ್ಯವಯಸ್ಸಿನವನ ಚಿಂತೆಗಳು. ಹೆಚ್ಚಿನ ವಿಮರ್ಶಕರು ಈ ಸಲ ಮನಸಾರೆ ಮೆಚ್ಚಿದರು.

ಹಳೇದನ್ನ ಅವರು ತಳ್ಳಿಹಾಕಲಿಲ್ಲ ಅನ್ನೋದನ್ನೂ ಹೇಳಬೇಕು. 2023ರಲ್ಲಿ ಬ್ಯಾಂಡು, ಅವರ ಲೇಬಲ್ ಪಾಲಿವಿನೈಲ್, ಕೆಲವು ಗೆಳೆಯರು ಸೇರಿ ಆ ಮನೆಯನ್ನೇ ಕೊಂಡು ಉಳಿಸಿಕೊಂಡರು. ಹೊಸದಾಗಿ ಕೇಳೋರಿಗೆ ನನ್ನ ಸಲಹೆ: ಮೂರನೇ ಆಲ್ಬಮ್ಮಿನಿಂದ ಶುರು ಮಾಡಿ, ಮೊದಲನೆಯದಕ್ಕೆ ಆಮೇಲೆ ಬನ್ನಿ.